ಎಡ ಮುಂದಿನ ಚಕ್ರದಲ್ಲಿ ಗರಗರ ಶಬ್ದ: ಬಂದರೆ ಬಂತು, ಇಲ್ಲದಿದ್ದರೆ ಇಲ್ಲ

ಎಡಚಕ್ರ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಈ ಶಬ್ದ ನನ್ನ ತಲೆ ತಿನ್ನುತ್ತಿದೆ. ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, 68,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಎಡ ಮುಂದಿನ ಚಕ್ರದ ಕಡೆಯಿಂದ ಗರ್ರ್ ಗರ್ರ್ ಅಂತ ಉಜ್ಜುವ ಶಬ್ದ, ಕಲ್ಲಿನ ಮೇಲೆ ಮಚ್ಚು ಮಸೆದ ಹಾಗೆ. ತೊಂದರೆ ಏನೆಂದರೆ ಬೇಕಾದಾಗ ಬರುವುದಿಲ್ಲ. ಎರಡು ದಿನ ಪೂರ್ತಿ ಮೌನ, ಮೂರನೇ ದಿನ ಇದ್ದಕ್ಕಿದ್ದಂತೆ ಶುರು, ಹತ್ತು ನಿಮಿಷ ಇದ್ದು ಮತ್ತೆ ಮಾಯ. ಗ್ಯಾರೇಜಿನ ಬಾಗಿಲಿಗೆ ಹೋದರಂತೂ ಗಾಡಿಯಷ್ಟು ಸಂಭಾವಿತರು ಬೇರೆ ಇಲ್ಲ.

ಮೊದಲ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ಬಂದು "ಏನೂ ಇಲ್ಲ ಸರ್" ಅಂದರು. ಡಿಸ್ಕನ್ನು ಅದುಮಿ ಗಾಡಿ ನಿಲ್ಲಿಸುವ ಬ್ರೇಕ್ ಪ್ಯಾಡನ್ನು ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ "ಪ್ಯಾಡ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ" ಅಂದರು. ಎರಡನೇ ಕಡೆ ಓಡಿಸಿಯೂ ನೋಡದೆ, ನಾನು ಹೇಳಿದ್ದು ಕೇಳಿಯೇ, ಚಕ್ರ ಸರಾಗವಾಗಿ ತಿರುಗಲು ನಡುವೆ ಇರುವ ಬೇರಿಂಗ್ ಬದಲಾಯಿಸಬೇಕು ಅಂದರು. ಬಲಕ್ಕೆ ತಿರುಗುವಾಗ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಅದೂ ಪ್ರತಿ ಸಲ ಅಲ್ಲ. ಯಾರ ಮಾತು ಕೇಳಲಿ?

ಹಳೇಗಾಡಿ:
ಬೇರಿಂಗ್. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ, ಹಾಳಾದ ಎಡ ಬೇರಿಂಗ್ ಆಗಲೇ ಕೂಗುವುದು. ಇದರಲ್ಲಿ ಯೋಚನೆ ಮಾಡುವುದು ಏನಿದೆ? ಬದಲಾಯಿಸಿ, ನೆಮ್ಮದಿಯಾಗಿರಿ.

ಪಾನಾ 17:
ತಡೀರಿ, ಗಾಡಿ ಬಿಚ್ಚುವ ಮೊದಲು ಶಬ್ದವನ್ನು ಬಿಚ್ಚಿ ನೋಡೋಣ.

ಎಷ್ಟು ವೇಗದಲ್ಲಿ ಬರುತ್ತದೆ? ವೇಗ ಜಾಸ್ತಿ ಮಾಡಿದರೆ ಒಂದು ಗರ್ರಿಗೂ ಇನ್ನೊಂದು ಗರ್ರಿಗೂ ಮಧ್ಯದ ಅಂತರ ಕಡಿಮೆಯಾಗುತ್ತದೆಯೇ? ಶಬ್ದ ಬರುತ್ತಿರುವಾಗಲೇ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟರೆ ಏನಾಗುತ್ತದೆ? ಎಂಜಿನ್ ಮಾತ್ರ ಆಫ್ ಮಾಡಬೇಡಿ, ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿಗೆ ಎಂಜಿನ್‌ನಿಂದ ಸಿಗುವ ನೆರವೂ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ನ್ಯೂಟ್ರಲ್‌ನಲ್ಲೂ ಶಬ್ದ ಹಾಗೇ ಇದ್ದರೆ ಎಂಜಿನ್ನನ್ನು ಲೆಕ್ಕದಿಂದ ಬಿಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಶಬ್ದ ಬರುತ್ತಿರುವಾಗ ಬ್ರೇಕ್ ಪೆಡಲ್ ಮೇಲೆ ಕಾಲನ್ನು ಹಗುರವಾಗಿ ಇಟ್ಟರೆ ಅದು ಬದಲಾಗುತ್ತದೆಯೇ? ನಿಲ್ಲಲೇಬೇಕು ಅಂತಿಲ್ಲ. ಜೋರಾಗಬಹುದು, ದನಿ ದಪ್ಪ ಆಗಬಹುದು, ಕ್ಷಣ ಹೊತ್ತು ಕಟ್ ಆಗಬಹುದು. ಯಾವ ಬದಲಾವಣೆ ಕಂಡರೂ ನಾನು ಮೊದಲು ಬ್ರೇಕ್ ಭಾಗವನ್ನೇ ನೋಡುತ್ತೇನೆ.

ಸುಮ್ನೆ ಓದುಗ:
ಸ್ಟೀರಿಯೋ ವಾಲ್ಯೂಮ್ ಜಾಸ್ತಿ ಮಾಡಿ. ನಾನು ಎರಡು ವರ್ಷ ಹಾಗೇ ಓಡಿಸಿದ್ದೇನೆ.

ಗ್ರೀಸ್ ಕೈ:
ಮೇಲಿನವರು ತಮಾಷೆಗೆ ಹೇಳಿದ್ದಾರೆ ಅಂದುಕೊಳ್ಳುತ್ತೇನೆ. ಶಬ್ದ ಬರುತ್ತಿರುವುದು ಗಾಡಿಯನ್ನು ನಿಲ್ಲಿಸುವ ಜಾಗದಿಂದ, ಅದನ್ನು ಹಾಡು ಹಾಕಿ ಮುಚ್ಚಬೇಡಿ.

ಬೇರಿಂಗ್ ಬಗ್ಗೆ ಹಳೇಗಾಡಿ ಅವರು ಹೇಳಿದ ತಿರುವಿನ ಲೆಕ್ಕ ಸರಿ. ಆದರೆ ಬೇರಿಂಗಿನ ಸ್ವಭಾವವೇ ಬೇರೆ. ಒಳಗಿನ ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬಿದ್ದ ಮೇಲೆ ಆ ಗುಳಿ ತಾನಾಗಿ ತುಂಬಿಕೊಳ್ಳುವುದಿಲ್ಲ. ಹೂಂ ಅನ್ನುವ ಗುಂಯ್ಗುಟ್ಟುವಿಕೆಯಿಂದ ಶುರುವಾಗಿ, ವೇಗ ಏರಿದಂತೆ ಏರಿ, ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತಾ ಹೋಗುತ್ತದೆ. ಎರಡು ದಿನ ರಜೆ ಹಾಕಿ ಮೂರನೇ ದಿನ ಕೆಲಸಕ್ಕೆ ಬರುವ ಬೇರಿಂಗನ್ನು ನಾನಂತೂ ನೋಡಿಲ್ಲ. ಬಂದು ಹೋಗುವ ಉಜ್ಜುವ ಶಬ್ದ ಅಂದರೆ ಎರಡು ವಸ್ತುಗಳ ಮಧ್ಯೆ ಕೂದಲೆಳೆಯ ಸಂದು ಇದೆ, ಯಾವುದೋ ಕಾರಣಕ್ಕೆ ಆಗಾಗ ಅದು ಮುಚ್ಚಿಹೋಗುತ್ತಿದೆ. ಆ ಕಾರಣ ಬಿಸಿಯೋ, ಭಾರವೋ, ಕೆಸರೋ, ಸಿಕ್ಕಿಕೊಂಡ ಕಲ್ಲೋ, ಅದನ್ನು ಕಂಡುಹಿಡಿಯಬೇಕು.

ಡಿಸ್ಕಿನ ಹಿಂದೆ ತೆಳು ತಗಡಿನ ಒಂದು ತಟ್ಟೆ ಇರುತ್ತದೆ, ಡಸ್ಟ್ ಶೀಲ್ಡ್ ಅನ್ನುತ್ತಾರೆ. ಅದು ಸ್ವಲ್ಪ ಬಾಗಿದರೂ ಡಿಸ್ಕಿಗೆ ತಾಗುತ್ತದೆ. ಅದರ ಮತ್ತು ಡಿಸ್ಕಿನ ಮಧ್ಯೆ ಒಂದು ಸಣ್ಣ ಜಲ್ಲಿಕಲ್ಲು ಸಿಕ್ಕಿಕೊಂಡರೂ ಸಾಕು, ಚಕ್ರವೇ ಕಳಚಿ ಬೀಳುತ್ತದೇನೋ ಅನ್ನುವಷ್ಟು ಭೀಕರ ಶಬ್ದ. ಕಲ್ಲಾದರೆ ಖಾಲಿ ಜಾಗದಲ್ಲಿ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ನಾಲ್ಕೈದು ಸಲ ಹೋಗಿ ಬ್ರೇಕ್ ಒತ್ತಿ, ಎಷ್ಟೋ ಸಲ ಅದಾಗಿಯೇ ಉದುರುತ್ತದೆ. ಇದಕ್ಕೆ ದುಡ್ಡು ಬೇಡ, ಮೊದಲು ಇದನ್ನು ಮಾಡಿ.

ಮಳೆಹನಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನ್ನ ಗಾಡಿಯಲ್ಲೂ ಶಬ್ದ ಇದೆ. ಮಳೆ ಬಂದ ಮರುದಿನ ಬೆಳಿಗ್ಗೆ ಹೊರಟಾಗ ಮೊದಲ ನಾಲ್ಕೈದು ಬ್ರೇಕಿಗೆ ಕರ್ರ್ ಅನ್ನುತ್ತದೆ, ಆಮೇಲೆ ಇಡೀ ದಿನ ಇಲ್ಲ. ಇನ್ನೊಂದು, ಗಾಡಿ ಸ್ಟಾರ್ಟ್ ಮಾಡಿ ಹೊರಟು ಸ್ವಲ್ಪ ವೇಗ ಬಂದ ತಕ್ಷಣ ಒಂದೇ ಒಂದು ಸಲ ಗುರ್ ಅನ್ನುತ್ತದೆ. ಎರಡಕ್ಕೂ ಹೆದರಬೇಕಾ?

ಪಾನಾ 17:
ಎರಡಕ್ಕೂ ಬೇಡ. ಮೊದಲನೆಯದು ತುಕ್ಕು. ಡಿಸ್ಕ್ ಎರಕದ ಕಬ್ಬಿಣ, ಒದ್ದೆಯಾಗಿ ಒಂದು ರಾತ್ರಿ ನಿಂತರೆ ಕಿತ್ತಳೆ ಬಣ್ಣದ ತೆಳು ಪದರ ಕಟ್ಟುತ್ತದೆ, ಪ್ಯಾಡ್ ನಾಲ್ಕು ಸಲ ಉಜ್ಜಿದರೆ ಹೋಗುತ್ತದೆ. ಎಲೆಕ್ಟ್ರಿಕ್ ಗಾಡಿಯವರಿಗೆ ಇದರ ಕಾಟ ಜಾಸ್ತಿ. ಅವರ ಗಾಡಿಯ ವೇಗವನ್ನು ಬಹುಪಾಲು ಮೋಟರೇ ಇಳಿಸುವುದರಿಂದ ಡಿಸ್ಕಿಗೆ ಕೆಲಸ ಕಡಿಮೆ, ಹಾಗಾಗಿ ತುಕ್ಕು ಗಟ್ಟಿಯಾಗುವಷ್ಟು ಸಮಯ ಸಿಗುತ್ತದೆ. ಅಂಥವರು ಆಗೊಮ್ಮೆ ಈಗೊಮ್ಮೆ ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಬೇಕು.

ಎರಡನೆಯದು ಬಹುಶಃ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಸದ್ದು. ಸುಮಾರು ಗಾಡಿಗಳಲ್ಲಿ ಹೊರಟ ಮೇಲೆ ಒಂದು ಸಲ ಒಳಗಿನ ಪಂಪ್ ತಿರುಗುತ್ತದೆ. ಪ್ರತಿ ಸ್ಟಾರ್ಟಿಗೆ ಒಂದೇ ಸಲ, ಪ್ರತಿ ಸಲ ಹೆಚ್ಚುಕಡಿಮೆ ಅದೇ ವೇಗದಲ್ಲಿ ಬಂದರೆ ಅದೇ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಉರಿಯುತ್ತಾ ಉಳಿದರೆ ಮಾತ್ರ ತೋರಿಸಿ.

ಎಡಚಕ್ರ:
ಹಿಂದೆ ಮುಂದೆ ಹೋಗಿ ನೋಡಿದೆ, ಯಾವ ಕಲ್ಲೂ ಬೀಳಲಿಲ್ಲ. ನಿನ್ನೆ ಸಂಜೆ ಶಬ್ದ ಬಂತು, ಪಾನಾ ಅವರು ಹೇಳಿದ್ದೆಲ್ಲ ಮಾಡಿದೆ. 15ರಿಂದ 40 ಕಿ.ಮೀ. ವೇಗದವರೆಗೆ ಚೆನ್ನಾಗಿ ಕೇಳುತ್ತದೆ, ಅದರ ಮೇಲೆ ಗಾಳಿ ಮತ್ತು ಟೈರಿನ ಸದ್ದಿನಲ್ಲಿ ಕಳೆದುಹೋಗುತ್ತದೆ. ನ್ಯೂಟ್ರಲ್‌ನಲ್ಲೂ ಹಾಗೇ ಇತ್ತು. ಬ್ರೇಕ್ ಮೇಲೆ ಕಾಲಿಟ್ಟರೆ ನಿಲ್ಲಲಿಲ್ಲ, ಆದರೆ ಬಿಟ್ಟು ಬಿಟ್ಟು ಬರುತ್ತಿದ್ದದ್ದು ಒಂದೇ ಸಮ ಆಯಿತು, ದನಿಯೂ ದಪ್ಪ ಆಯಿತು. ಪೆಡಲ್‌ನಲ್ಲಿ ನಡುಕ ಇಲ್ಲ.

ಗ್ರೀಸ್ ಕೈ:
ಹಾಗಿದ್ದರೆ ಬೇರಿಂಗ್ ದುಡ್ಡನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ. ಒಂದು ಚೀಟಿ ಇಟ್ಟುಕೊಂಡು ಒಂದು ವಾರ ಬರೆಯಿರಿ. ಶಬ್ದ ಬಂದ ದಿನ ಮಾತ್ರ ಅಲ್ಲ, ಬರದ ದಿನವನ್ನೂ ಬರೆಯಬೇಕು. ಹೊರಟು ಎಷ್ಟು ಹೊತ್ತಾಗಿತ್ತು, ದಾರಿ ಖಾಲಿಯೋ ಜನಜಂಗುಳಿಯೋ, ಮಳೆಯೋ ಬಿಸಿಲೋ, ಗಾಡಿಯಲ್ಲಿ ಎಷ್ಟು ಜನ. ಬರದ ದಿನಗಳಿಂದಲೇ ಜಾಸ್ತಿ ಗೊತ್ತಾಗುತ್ತದೆ.

ಹಳೇಗಾಡಿ:
ಗಾಡಿಗೆ ದಿನಚರಿ ಬರೆಯುವ ಕಾಲ ಬಂತು. ನಾನು ಇನ್ನೂ ಬೇರಿಂಗ್ ಅಂತಲೇ ಹೇಳುತ್ತೇನೆ. ಬೇರಿಂಗ್ ಸಡಿಲವಾದರೆ ಚಕ್ರ ಮತ್ತು ಡಿಸ್ಕ್ ಕೂರುವ ಹಬ್ ಓರೆಯಾಗುತ್ತದೆ, ಹಬ್ ಓರೆಯಾದರೆ ಡಿಸ್ಕ್ ಓರೆಯಾಗುತ್ತದೆ, ಡಿಸ್ಕ್ ಪ್ಯಾಡಿಗೋ ತಗಡಿಗೋ ಉಜ್ಜುತ್ತದೆ. ಬ್ರೇಕ್ ಒತ್ತಿದರೆ ಆಗ ಶಬ್ದ ಬದಲಾಗಲೇಬೇಕಲ್ಲ?

ಪಾನಾ 17:
ಈ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವುದಿಲ್ಲ. ಆದರೆ ಅದನ್ನು ಕೈಯಲ್ಲೇ ಪರೀಕ್ಷೆ ಮಾಡಬಹುದು. ಚಕ್ರ ಎತ್ತಿ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂತ ಆಟ, ಅಂದರೆ ಸಡಿಲ ಅಲ್ಲಾಟ, ಸಿಕ್ಕರೆ ಬೇರಿಂಗ್ ಅಥವಾ ಸಸ್ಪೆನ್ಷನ್ನಿನ ಕೀಲಾದ ಬಾಲ್ ಜಾಯಿಂಟ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಇದ್ದರೆ ಸ್ಟೀರಿಂಗ್ ಕಡೆಯ ಟೈ ರಾಡ್ ನೋಡಬೇಕು. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಒರಟಾಗಿದ್ದರೆ ಕಿವಿಗೆ ಕೇಳದಿದ್ದರೂ ಸ್ಪ್ರಿಂಗಿನಲ್ಲಿ ಜುಂ ಅಂತ ಬೆರಳಿಗೆ ತಿಳಿಯುತ್ತದೆ. ಇದು ಹಳೆಯ ಉಪಾಯ, ನನಗೆ ಇವತ್ತಿಗೂ ಮೋಸ ಮಾಡಿಲ್ಲ.

ಎಡಚಕ್ರ ಅವರೇ, ಇನ್ನೊಂದು ಲೆಕ್ಕ ಮಾಡಿ. ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಫೋನ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಗಾಡಿ 20 ಕಿ.ಮೀ. ವೇಗದಲ್ಲೇ ಇರಲಿ. ನಿಮ್ಮಂಥ ಗಾಡಿಯ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. 20 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಸುಮಾರು ಮೂರು ಸುತ್ತು. ಹತ್ತು ಸೆಕೆಂಡಿಗೆ 29, 30 ಗರ್ರ್ ಸಿಕ್ಕರೆ ಸುತ್ತಿಗೆ ಒಂದು ಸಲ ತಾಗುತ್ತಿದೆ ಅಂತ ಅರ್ಥ. ಅಂದರೆ ಡಿಸ್ಕಿನ ಒಂದೇ ಒಂದು ಭಾಗ ಎಲ್ಲೋ ಉಜ್ಜುತ್ತಿದೆ. ಎಣಿಸಲು ಕಷ್ಟವಾದರೆ ರೆಕಾರ್ಡಿಂಗನ್ನು ಅರ್ಧ ವೇಗದಲ್ಲಿ ಹಾಕಿ ಕೇಳಿ.

ಸುಮ್ನೆ ಓದುಗ:
ಸುತ್ತಳತೆ, ಭಾಗಾಕಾರ, ದಿನಚರಿ. ಶಾಲೆ ಬಿಟ್ಟರೂ ಲೆಕ್ಕ ನಮ್ಮನ್ನು ಬಿಡಲಿಲ್ಲ.

ಎಡಚಕ್ರ:
ಒಂಬತ್ತು ದಿನ ಬರೆದೆ. ಐದು ದಿನ ಶಬ್ದ, ನಾಲ್ಕು ದಿನ ಇಲ್ಲ. ಬರೆದದ್ದನ್ನು ಒಟ್ಟಿಗೆ ಓದಿದಾಗ ನನಗೇ ಆಶ್ಚರ್ಯವಾಯಿತು. ಶಬ್ದ ಬಂದ ಐದೂ ದಿನ ಹೊರಟು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಗಿತ್ತು, ಐದೂ ದಿನ ವಾಹನಗಳ ಸಾಲಿನಲ್ಲಿ ನಿಂತು ನಿಂತು ಹೋಗಿದ್ದೆ. ಬರದ ನಾಲ್ಕರಲ್ಲಿ ಎರಡು ದಿನ ಬೆಳಗಿನ ಜಾವದ ಖಾಲಿ ರಸ್ತೆ, ಒಂದು ದಿನ ಹತ್ತೇ ನಿಮಿಷದ ಓಡಾಟ, ಇನ್ನೊಂದು ದಿನ ಹೆದ್ದಾರಿಯಲ್ಲಿ ಎರಡು ಗಂಟೆ, ಬ್ರೇಕ್ ಒತ್ತಿದ್ದೇ ಅಪರೂಪ. ಮಳೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಗ್ಯಾರೇಜಿಗೆ ಬಿಟ್ಟಾಗಲೆಲ್ಲ ಗಾಡಿ ಒಂದೆರಡು ಗಂಟೆ ನಿಂತು ತಣ್ಣಗಾದ ಮೇಲೆಯೇ ಅವರು ಓಡಿಸಿ ನೋಡಿದ್ದು, ಅದೂ ಐದು ನಿಮಿಷ. ಅವರಿಗೆ ಕೇಳುವುದಾದರೂ ಹೇಗೆ?

ಎಣಿಸಿದ್ದೂ ಆಯಿತು. 20ರ ವೇಗದಲ್ಲಿ ಹತ್ತು ಸೆಕೆಂಡಿಗೆ 28.

ಗ್ರೀಸ್ ಕೈ:
ಬಿಸಿಯಾದ ಮೇಲೆ ಬರುತ್ತದೆ, ಬ್ರೇಕ್ ಜಾಸ್ತಿ ಬಳಸಿದಾಗ ಬರುತ್ತದೆ, ಸುತ್ತಿಗೆ ಒಂದು ಸಲ ಬರುತ್ತದೆ. 28ಕ್ಕೂ 29ಕ್ಕೂ ವ್ಯತ್ಯಾಸ ಹಿಡಿಯಬೇಡಿ, ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ಒಂದಿಷ್ಟು ಜಾಸ್ತಿಯೇ ತೋರಿಸುತ್ತದೆ.

ನನ್ನ ಅನುಮಾನ ಕ್ಯಾಲಿಪರ್ ಮೇಲೆ, ಅಂದರೆ ಎರಡೂ ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುವ ಚಿಮಟದಂಥ ಭಾಗದ ಮೇಲೆ. ನಿಮ್ಮದರಲ್ಲಿ ಪಿಸ್ಟನ್ ಒಳಗಡೆ ಒಂದೇ ಕಡೆ ಇರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಆಮೇಲೆ ಕ್ಯಾಲಿಪರ್ ಪೂರ್ತಿಯಾಗಿ ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಆ ಕಡೆಯಿಂದ ಎಳೆದು ಅದುಮುತ್ತದೆ. ಆ ಪಿನ್‌ಗಳು ಸರಾಗವಾಗಿ ಜಾರದಿದ್ದರೆ ಹೊರಗಿನ ಪ್ಯಾಡ್ ಸೋಮಾರಿಯಾಗುತ್ತದೆ, ಒಳಗಿನದು ಇಬ್ಬರ ಕೆಲಸ ಮಾಡಿ ಸವೆಯುತ್ತದೆ. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಉಜ್ಜಿ ಉಜ್ಜಿ ಬಿಸಿ, ಬಿಸಿಗೆ ಪಿನ್ ಇನ್ನಷ್ಟು ಬಿಗಿ.

ಈಗ ಮೊದಲ ಗ್ಯಾರೇಜಿನವರ ಮಾತು ನೆನಪು ಮಾಡಿಕೊಳ್ಳಿ. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟರೆ ಕಾಣುವುದು ಯಾವ ಪ್ಯಾಡ್? ಹೊರಗಿನದು.

ಹಳೇಗಾಡಿ:
ಪ್ಯಾಡ್ ಅಷ್ಟು ಸವೆದಿದ್ದರೆ ಕೀಂ ಅಂತ ಕಿರುಚುವ ತಗಡು ಇರುತ್ತದಲ್ಲ, ಅದು ಯಾಕೆ ಕಿರುಚಲಿಲ್ಲ?

ಗ್ರೀಸ್ ಕೈ:
ಒಳ್ಳೆಯ ಪ್ರಶ್ನೆ. ಆ ತಗಡು ಇರುವುದು ಪ್ಯಾಡಿನ ಒಂದು ತುದಿಯಲ್ಲಿ, 2ರಿಂದ 3 ಮಿ.ಮೀ. ಉಳಿದಾಗ ಡಿಸ್ಕಿಗೆ ತಾಗುವ ಹಾಗೆ ಮಾಡಿರುತ್ತಾರೆ. ಎರಡು ಪಿನ್‌ಗಳಲ್ಲಿ ಒಂದೇ ಹಿಡಿದುಕೊಂಡರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ, ಬಾಗಿಲಿಗೆ ಕೊಡುವ ಬೆಣೆಯ ಹಾಗೆ. ತಗಡು ಇರುವ ತುದಿ ದಪ್ಪಗೇ ಉಳಿದು, ಇನ್ನೊಂದು ತುದಿ ಕಬ್ಬಿಣದವರೆಗೆ ಸವೆದರೆ ಎಚ್ಚರಿಕೆಯ ದನಿಯೇ ಬರುವುದಿಲ್ಲ. ಕೆಲವು ಪ್ಯಾಡ್‌ಗಳಲ್ಲಿ ಆ ತಗಡೇ ಇರುವುದಿಲ್ಲ.

ಬಿಚ್ಚುವ ಮೊದಲು ಬಿಸಿ ನೋಡಿ. ಶಬ್ದ ಬಂದ ದಿನ ಗಾಡಿ ನಿಲ್ಲಿಸಿದ ತಕ್ಷಣ ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಚರ್ಮ ಸುಡುವಷ್ಟು ಬಿಸಿ ಇರಬಹುದು. ಒಂದು ಕಡೆ ಒಲೆಯ ಹಾಗೆ ಕಾವು ಹೊಡೆದರೆ ಗೊತ್ತಾಗಿಬಿಡುತ್ತದೆ.

ಪಾನಾ 17:
ಇನ್ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಡಿಸ್ಕಿನ ಹೊಳೆಯುವ ಭಾಗಕ್ಕೆ ಹಿಡಿಯಬೇಡಿ, ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಡಿಸ್ಕಿನ ನಡುವೆ ತುಕ್ಕು ಹಿಡಿದು ಮಂಕಾಗಿರುವ ಟೋಪಿಯಂಥ ಭಾಗ ಇದೆಯಲ್ಲ, ಎರಡೂ ಕಡೆ ಅದೇ ಜಾಗಕ್ಕೆ ಹಿಡಿದು ಹೋಲಿಸಿ.

ಎಡಚಕ್ರ:
ಗೆಳೆಯನ ಹತ್ತಿರ ಥರ್ಮಾಮೀಟರ್ ಇಸಕೊಂಡೆ. ಇವತ್ತು ಶಬ್ದ ಬಂದಾಗ ನಿಲ್ಲಿಸಿ ನೋಡಿದೆ. ಬಲಗಡೆ 82 ಡಿಗ್ರಿ. ಎಡಗಡೆ 151. ಎಡ ಚಕ್ರದ ರಿಮ್ ಮೇಲೆ ಕಪ್ಪು ಧೂಳು ಕೂಡ ಬಲದ್ದಕ್ಕಿಂತ ಜಾಸ್ತಿ ಇದೆ, ಇಷ್ಟು ದಿನ ಎಡಗಡೆ ಸರಿಯಾಗಿ ತೊಳೆದಿಲ್ಲ ಅಂದುಕೊಂಡಿದ್ದೆ. ಭಾನುವಾರ ಗೆಳೆಯನ ಜೊತೆ ಸೇರಿ ಚಕ್ರ ಬಿಚ್ಚಿ ನೋಡುತ್ತೇವೆ. ಅವನಿಗೆ ಸ್ವಲ್ಪ ಅನುಭವ ಇದೆ.

ಪಾನಾ 17:
ನೋಡಿ, ಆದರೆ ಇದನ್ನು ಓದಿಕೊಂಡು ಬಿಚ್ಚಿ. ಸಮತಟ್ಟಾದ ಗಟ್ಟಿ ನೆಲ ಇರಲಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಎತ್ತಿದ ಮೇಲೆ ಅಲ್ಲ. ಗಾಡಿಯ ಜೊತೆ ಬರುವ ಜಾಕ್ ಚಕ್ರ ಬದಲಾಯಿಸಲು ಮಾತ್ರ. ಕೆಲಸ ಮಾಡುವಾಗ ಭಾರ ಜಾಕ್ ಸ್ಟ್ಯಾಂಡ್ ಮೇಲೆ ಕೂತಿರಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಬಿಚ್ಚಬೇಡಿ. ಬ್ರೇಕ್ ಧೂಳನ್ನು ಬಾಯಿಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ. ಕ್ಯಾಲಿಪರ್ ಕಳಚಿದರೆ ಅದನ್ನು ರಬ್ಬರ್ ಪೈಪಿಗೆ ನೇತು ಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪೈಪ್ ಒಳಗೆ ಹರಿದರೆ ಹೊರಗೆ ಕಾಣುವುದಿಲ್ಲ.

ಇದೆಲ್ಲ ಜಾಸ್ತಿ ಅನ್ನಿಸಿದರೆ, ನೀವು ಬರೆದುಕೊಂಡ ಚೀಟಿಯನ್ನೂ 82, 151 ಲೆಕ್ಕವನ್ನೂ ಹಿಡಿದು ಗ್ಯಾರೇಜಿಗೇ ಹೋಗಿ. "ಶಬ್ದ ಬರುತ್ತದೆ" ಅನ್ನುವವರ ಮಾತಿಗಿಂತ "ಎಡಗಡೆ ಎಪ್ಪತ್ತು ಡಿಗ್ರಿ ಜಾಸ್ತಿ" ಅನ್ನುವವರ ಮಾತನ್ನು ಅವರು ಗಮನ ಕೊಟ್ಟು ಕೇಳುತ್ತಾರೆ.

ಎಡಚಕ್ರ:
ಬಿಚ್ಚಿದೆವು. ಕೈ ಇನ್ನೂ ಕಪ್ಪಾಗಿದೆ.

ಮೊದಲು ಬೇರಿಂಗ್ ನೋಡಿದೆವು, ಹಳೇಗಾಡಿ ಅವರಿಗೆ ಬೇಜಾರಾಗದಿರಲಿ ಅಂತ. 12, 6ರಲ್ಲಿ ಒಂಚೂರೂ ಆಟ ಇಲ್ಲ. ಸ್ಪ್ರಿಂಗ್ ಮೇಲೆ ಕೈ ಇಟ್ಟರೂ ಏನೂ ತಿಳಿಯಲಿಲ್ಲ. ಬಲ ಚಕ್ರ ಕೈಯಲ್ಲಿ ತಿರುಗಿಸಿ ಬಿಟ್ಟರೆ ಸುಮಾರಾಗಿ ತಿರುಗುತ್ತದೆ, ಎಡದ್ದು ಬಿಟ್ಟ ತಕ್ಷಣ ನಿಲ್ಲುತ್ತದೆ.

ಪ್ಯಾಡ್ ಹೊರತೆಗೆದೆವು. ಹೊರಗಿನದು 7 ಮಿ.ಮೀ. ಇದೆ, ಮೊದಲ ಗ್ಯಾರೇಜಿನವರು ಸುಳ್ಳು ಹೇಳಿರಲಿಲ್ಲ. ಒಳಗಿನದನ್ನು ನೋಡಿ ಇಬ್ಬರೂ ಸುಮ್ಮನಾದೆವು. ಮೇಲಿನ ತುದಿಯಲ್ಲಿ 4 ಮಿ.ಮೀ., ಕೆಳಗಿನ ತುದಿಯಲ್ಲಿ ಏನೂ ಇಲ್ಲ, ಬರೀ ಕಬ್ಬಿಣದ ತಟ್ಟೆ, ಅದೂ ಕನ್ನಡಿ ಹಾಗೆ ಹೊಳೆಯುತ್ತಿದೆ. ಕಿರುಚುವ ತಗಡು ಇದೆ, ಮೇಲಿನ ತುದಿಯಲ್ಲಿ! ಡಿಸ್ಕಿನ ಒಳಮುಖದಲ್ಲಿ ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಹೊರಮುಖ ಹೊಸದರ ಹಾಗಿದೆ.

ಮೇಲಿನ ಪಿನ್ ಬೆಣ್ಣೆಯ ಹಾಗೆ ಜಾರುತ್ತದೆ. ಕೆಳಗಿನದನ್ನು ಎಳೆಯಲು ಇಬ್ಬರೂ ಸೇರಬೇಕಾಯಿತು. ಅದರ ತುದಿಗೆ ರಬ್ಬರಿನ ಒಂದು ಕವಚ ಇದೆ, ಅದು ಊದಿಕೊಂಡು ಮೆತ್ತಗಾಗಿದೆ. ಸುತ್ತ ಕಂದು ಬಣ್ಣದ ಗ್ರೀಸ್.

ಗ್ರೀಸ್ ಕೈ:
ಕಂದು ಗ್ರೀಸ್ ಅಂದಿರಲ್ಲ, ಅದೇ. ಹಿಂದಿನ ಸಲ ಪ್ಯಾಡ್ ಹಾಕಿದವರು ಬೇರಿಂಗಿಗೆ ಹಚ್ಚುವ ಮಾಮೂಲಿ ಗ್ರೀಸನ್ನೇ ಪಿನ್ನಿಗೂ ಹಚ್ಚಿರಬೇಕು. ಮಿನರಲ್ ಎಣ್ಣೆಯ ಗ್ರೀಸ್ ಬ್ರೇಕಿನ ರಬ್ಬರಿಗೆ ಆಗುವುದಿಲ್ಲ, ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತದೆ. ತಣ್ಣಗಿದ್ದಾಗ ಹೇಗೋ ಜಾರುತ್ತಿತ್ತು, ಬಿಸಿಯಾದಾಗ ಪೂರ್ತಿ ಹಿಡಿದುಕೊಳ್ಳುತ್ತಿತ್ತು. ಪಿನ್ನಿಗೆ ಬ್ರೇಕಿಗಾಗಿಯೇ ಮಾಡಿದ ಸಿಲಿಕೋನ್ ಗ್ರೀಸ್ ಬೇಕು, ಅದೂ ತೆಳುವಾಗಿ.

ಬಲಕ್ಕೆ ತಿರುಗಿದಾಗ ಜಾಸ್ತಿ ಬರುತ್ತಿದ್ದದ್ದೂ ಸರಿಹೋಗುತ್ತದೆ. ಭಾರ ಎಡಕ್ಕೆ ಬಿದ್ದಾಗ ಹಬ್ ಮತ್ತು ಡಿಸ್ಕ್ ಒಂಚೂರು ಬಾಗುತ್ತವೆ, ಅಷ್ಟು ಸಾಕು ಆ ಬೋಳು ತುದಿ ತಾಗಲು. ಸುತ್ತಿಗೆ ಒಂದೇ ಸಲ ಬರುತ್ತಿದ್ದದ್ದು ಡಿಸ್ಕ್ ಸ್ವಲ್ಪ ಸೊಟ್ಟಗಿರುವುದರಿಂದ. ಕಣ್ಣಿಗೆ ಕಾಣದಷ್ಟು ಸೊಟ್ಟ ಎಲ್ಲ ಡಿಸ್ಕಿನಲ್ಲೂ ಇರುತ್ತದೆ.

ಇನ್ನು ಈ ಪ್ಯಾಡಿನಲ್ಲಿ ಗಾಡಿ ಓಡಿಸಬೇಡಿ. ಗ್ಯಾರೇಜಿನವರನ್ನೇ ಮನೆಗೆ ಕರೆಸಿ, ಇಲ್ಲವೇ ಗಾಡಿ ಎಳೆಸಿಕೊಂಡು ಹೋಗಿ. ಪ್ಯಾಡನ್ನು ಎಡಬಲ ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು, ಒಂದೇ ಕಡೆ ಹೊಸದಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ, ಅಳತೆ ಅದಕ್ಕಿಂತ ಕೆಳಗಿದ್ದರೆ ಡಿಸ್ಕ್ ಕೂಡ ಜೋಡಿಯಾಗಿ ಬದಲಾಗಬೇಕು.

ಮಳೆಹನಿ:
ಈ ರಬ್ಬರ್ ಕವಚ ಎರಡೂ ಪಿನ್ನಿಗೆ ಯಾಕಿಲ್ಲ?

ಪಾನಾ 17:
ಒಂದು ಪಿನ್ ದಾರಿ ತೋರಿಸುತ್ತದೆ, ಇನ್ನೊಂದು ರಬ್ಬರಿನ ಸಹಾಯದಿಂದ ಕಟಕಟ ಅದುರದಂತೆ ಹಿಡಿಯುತ್ತದೆ. ಹಾಗಾಗಿ ಯಾವ ಪಿನ್ ಮೇಲೆ, ಯಾವುದು ಕೆಳಗೆ ಅನ್ನುವುದು ಗಾಡಿಯ ಕೈಪಿಡಿಯ ಪ್ರಕಾರವೇ ಇರಬೇಕು. ಅದಲು ಬದಲಾದರೆ ಇದೇ ಕಥೆ ಇನ್ನೊಂದು ತುದಿಯಿಂದ ಶುರುವಾಗುತ್ತದೆ.

ಎಡಚಕ್ರ:
ಮೊದಲ ಗ್ಯಾರೇಜಿನವರೇ ಬಂದು ಗಾಡಿ ಒಯ್ದರು. ಪ್ಯಾಡನ್ನು ಕೈಗೆ ಕೊಟ್ಟೆ, ತಿರುಗಿಸಿ ನೋಡಿ "ನಾನು ಚಕ್ರ ಬಿಚ್ಚಿ ನೋಡಬೇಕಿತ್ತು" ಅಂದರು. ಅಷ್ಟು ನೇರವಾಗಿ ಒಪ್ಪಿಕೊಂಡದ್ದು ನನಗೆ ಇಷ್ಟವಾಯಿತು. ಡಿಸ್ಕ್ ಕನಿಷ್ಠ ದಪ್ಪಕ್ಕಿಂತ ತೆಳುವಾಗಿತ್ತು, ಜೋಡಿ ಡಿಸ್ಕ್, ಜೋಡಿ ಪ್ಯಾಡ್, ಎಡಕ್ಕೆ ಹೊಸ ಪಿನ್ ಮತ್ತು ರಬ್ಬರ್ ಹಾಕಿದರು. ಬಲಗಡೆಯ ಪಿನ್‌ಗಳನ್ನೂ ತೊಳೆದು ಸರಿಯಾದ ಗ್ರೀಸ್ ಹಚ್ಚಿದರು.

ಖುಷಿಯಿಂದ ಮನೆಗೆ ಹೊರಟೆ. ಮೊದಲ ತಿರುವಿನಲ್ಲೇ ಕಿರ್ರ್!

ಸುಮ್ನೆ ಓದುಗ:
ನಾನು ಹೇಳಿದ ವಾಲ್ಯೂಮ್ ಉಪಾಯ ಇನ್ನೂ ಹಾಗೇ ಇದೆ.

ಪಾನಾ 17:
ಹಳೆಯ ಶಬ್ದವೇನಾ? ಅಥವಾ ತೆಳು ದನಿಯೇ?

ಎಡಚಕ್ರ:
ತೆಳು. ತಗಡಿನ ಮೇಲೆ ಮೊಳೆ ಎಳೆದ ಹಾಗೆ. ತಣ್ಣಗಿದ್ದರೂ ಬರುತ್ತದೆ, ಬ್ರೇಕ್ ಒತ್ತಿದರೆ ಏನೂ ವ್ಯತ್ಯಾಸ ಇಲ್ಲ.

ಪಾನಾ 17:
ಹಾಗಿದ್ದರೆ ಡಸ್ಟ್ ಶೀಲ್ಡ್. ಡಿಸ್ಕ್ ಬಿಚ್ಚುವಾಗ ಕೈ ತಾಗಿ ಬಾಗಿರುತ್ತದೆ, ಹಳೆಯ ಡಿಸ್ಕ್ ಬಿಗಿದುಕೊಂಡಿದ್ದರೆ ಸುತ್ತಿಗೆ ಪೆಟ್ಟು ಕೂಡ ಬಿದ್ದಿರಬಹುದು. ಹೆದರುವ ವಿಷಯ ಅಲ್ಲ. ಚಕ್ರ ತೆಗೆದು ಡಿಸ್ಕ್ ತಿರುಗಿಸುತ್ತಾ ಸುತ್ತಲೂ ಇಣುಕಿ ನೋಡಿದರೆ ತಾಗುವ ಜಾಗ ಹೊಳೆಯುತ್ತಿರುತ್ತದೆ. ಅಲ್ಲಿ ಬೆರಳಿನಿಂದಲೇ ಹಿಂದಕ್ಕೆ ಬಗ್ಗಿಸಿದರೆ ಸಾಕು.

ಎಡಚಕ್ರ:
ಅದೇ ಆಗಿತ್ತು. ಗ್ಯಾರೇಜಿನವರು ಚಕ್ರ ತೆಗೆದು ಎರಡು ನಿಮಿಷದಲ್ಲಿ ಸರಿ ಮಾಡಿದರು. ನಟ್‌ಗಳನ್ನು ಎದುರು ಬದುರಾಗಿ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸಿದೆ, ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿಸಿದೆ. ಹೊಸ ಪ್ಯಾಡ್ ಕೂರಲು ಖಾಲಿ ರಸ್ತೆಯಲ್ಲಿ 50ರಿಂದ 10ರವರೆಗೆ ಹಿತವಾಗಿ ಬ್ರೇಕ್ ಒತ್ತುವುದು, ಸ್ವಲ್ಪ ದೂರ ಆರಲು ಬಿಡುವುದು, ಹೀಗೆ ಹತ್ತು ಸಲ ಮಾಡಿ ಅಂದರು, ಮಾಡಿದೆ.

ಈಗ 600 ಕಿ.ಮೀ. ಆಯಿತು. ನಿನ್ನೆ ಮುಕ್ಕಾಲು ಗಂಟೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ, ಇಳಿದು ಅಳೆದೆ. ಎಡ 88, ಬಲ 86. ಥರ್ಮಾಮೀಟರ್ ಇನ್ನೂ ಗೆಳೆಯನಿಗೆ ವಾಪಸ್ ಕೊಟ್ಟಿಲ್ಲ.

ಗ್ರೀಸ್ ಕೈ:
ಎರಡು ಡಿಗ್ರಿ ವ್ಯತ್ಯಾಸ ಏನೂ ಅಲ್ಲ. ಇನ್ನು ಪ್ರತಿ ಸಲ ಟೈರ್ ಜಾಗ ಬದಲಿಸುವಾಗ ಒಳಗಿನ ಪ್ಯಾಡ್ ತೋರಿಸಿ ಅಂತ ಕೇಳಿ.

ಹಳೇಗಾಡಿ:
ಬೇರಿಂಗ್ ಅಲ್ಲ, ಒಪ್ಪಿದೆ. ಇದನ್ನೆಲ್ಲ ಓದಿ ಸುಮ್ನೆ ಕೂರಲು ಆಗಲಿಲ್ಲ, ನಿನ್ನೆ ನನ್ನ ಗಾಡಿಯ ಮುಂದಿನ ಚಕ್ರ ಬಿಚ್ಚಿದೆ. ಯಾವ ಶಬ್ದವೂ ಇರಲಿಲ್ಲ, ಗಮನಿಸಿ. ಬಲಗಡೆ ಹೊರಗಿನ ಪ್ಯಾಡ್ 8 ಮಿ.ಮೀ., ಒಳಗಿನದು ಎರಡೂವರೆ. ಪ್ಯಾಡ್ ತರಲು ಹೊರಟಿದ್ದೇನೆ, ಬಸ್ಸಿನಲ್ಲಿ.